ಚೀಟಿ ಎತ್ತಿದವಳು

ನನಗೆ ಮೂಗಿನ ತುದಿಯಲ್ಲೇ ಕೋಪ. ವಿದ್ಯಾರ್ಥಿಗಳು ಬೆನ್ನ ಹಿಂದೆ 'ಸಿಡುಕಪ್ಪ' ಅನ್ನುತ್ತಾರೆ, ಗೊತ್ತು. ಆಸ್ಪತ್ರೆಯ ಕ್ಯಾನ್ಸರ್ ಡಾಕ್ಟರು ಫೋನ್ ಮಾಡಿದ ದಿನ ಆ ಹೆಸರಿಗೆ ತಕ್ಕ ಹಾಗೆಯೇ ನಡೆದುಕೊಂಡೆ.

"ಸರ್, ನಿಮ್ಮ ಪ್ರೋಗ್ರಾಂ ಹೇಳಿದ ಜೀನ್‌ಗಳನ್ನ ನಮ್ಮ ಲ್ಯಾಬಲ್ಲಿ ಆಫ್ ಮಾಡಿ ನೋಡಿದ್ವಿ. ಅರ್ಧಕ್ಕರ್ಧ ತಪ್ಪು. ಸಾಯುತ್ತೆ ಅಂದ ಜೀವಕೋಶ ಆರಾಮಾಗಿದೆ. ಇದನ್ನ ನಂಬಿ ರೋಗಿಗಳಿಗೆ ಔಷಧಿ ಆರಿಸೋಕಾಗಲ್ಲ."

"ನಿಮ್ಮವರಿಗೆ ಕೈ ತೊಳ್ಕೊಳ್ಳೋಕೆ ಬರುತ್ತಾ, ಮೊದಲು ನೋಡಿ," ಎಂದು ಫೋನ್ ಇಟ್ಟೆ.

ಸಿಟ್ಟು ಯಾಕೆ ಬರಬಾರದು? ನಾನು ಕಂಪ್ಯೂಟರ್ ಮೇಷ್ಟ್ರು. ಜೀವಕೋಶದೊಳಗೆ ಯಾವ ಜೀನ್ ಯಾವುದರ ಕಿವಿ ಹಿಂಡುತ್ತದೆ, ಒಂದನ್ನು ನಿಲ್ಲಿಸಿದರೆ ಕೋಶ ಸಾಯುತ್ತದೋ ಬದುಕುತ್ತದೋ ಎಂದು ಮೊದಲೇ ಹೇಳುವ ಪ್ರೋಗ್ರಾಂ ಬರೆಯುವುದರಲ್ಲೇ ತಲೆಗೂದಲು ಬೆಳ್ಳಗಾಗಿದೆ. ಅದು ಹೇಳಿದ್ದು ನಿಜವೋ ಸುಳ್ಳೋ ಎಂದು ಪ್ರಯೋಗ ಮಾಡುವವಳು ನನ್ನ ಹೆಂಡತಿ, ಅವಳದು ಜೀವಶಾಸ್ತ್ರ. ಗಂಡ ಹೆಂಡತಿ ಒಳಗೊಳಗೇ ಹೊಂದಿಸಿಕೊಂಡರು ಎಂದು ಯಾರೂ ಆಡಿಕೊಳ್ಳಬಾರದಲ್ಲ, ಅದಕ್ಕೇ ಒಂದು ನಿಯಮ ಮಾಡಿಕೊಂಡಿದ್ದೆವು. ಜೀನ್‌ಗಳ ಹೆಸರಿನ ಚೀಟಿಗಳನ್ನು ಡಬ್ಬಿಗೆ ಹಾಕುವುದು, ಅವಳು ಕಣ್ಣು ಮುಚ್ಚಿ ಎತ್ತುವುದು, ಬಂದದ್ದನ್ನು ಪರೀಕ್ಷಿಸುವುದು. ಆಗ ನಾನು ಆ ಕೋಣೆಯಲ್ಲಿ ಇರುವಂತಿಲ್ಲ.

ಮೊದಲ ಸಲ ನನ್ನ ಲೆಕ್ಕ ಮಕಾಡೆ ಮಲಗಿತ್ತು. ವಾರಗಟ್ಟಲೆ ಅನ್ನ ನೀರು ಬಿಟ್ಟು ಕೂತಿದ್ದೆ. ಆಮೇಲಿನ ಪರೀಕ್ಷೆಗಳಲ್ಲಿ ಹುಸಿಹೋದದ್ದೇ ಅಪರೂಪ. ಪ್ರಶಸ್ತಿ, ಪ್ರೊಫೆಸರ್ ಹುದ್ದೆ, ನಾಲ್ಕು ಜನರ ನಡುವೆ ತಲೆ ಎತ್ತಿ ನಡೆಯುವ ಧೈರ್ಯ, ಎಲ್ಲ ಅದರಿಂದಲೇ ಬಂತು.

"ಆಸ್ಪತ್ರೆಯವರು ನನ್ನ ಲೆಕ್ಕ ಅರ್ಧಕ್ಕರ್ಧ ತಪ್ಪು ಅಂತಾರೆ. ಅವರ ಲ್ಯಾಬೇ ಸರಿಯಿಲ್ಲ," ಎಂದು ಕೂಗಾಡುತ್ತ ಅವಳ ಪ್ರಯೋಗಾಲಯಕ್ಕೆ ನುಗ್ಗಿದೆ. ಅವಳು ಇನ್‌ಕ್ಯುಬೇಟರಿನಲ್ಲಿ ಜೀವಕೋಶ ಬೆಳೆಸುವ ತಟ್ಟೆಗಳನ್ನು ಜೋಡಿಸುತ್ತಿದ್ದಳು. ಅದರ ಬಾಗಿಲು ಹಾಕಿ ಕೈಗವಸು ತೆಗೆದಳು.

"ಅವರ ಲ್ಯಾಬ್ ಸರಿಯಾಗೇ ಇದೆ ಕಣ್ರೀ."

"ಅಂದ್ರೆ?"

"ಕಷ್ಟದ ಚೀಟಿ ಬಂದ್ರೆ ವಾಪಸ್ ಹಾಕ್ತಿದ್ದೆ. ನಿಮ್ಮ ಲೆಕ್ಕಕ್ಕೆ ಸಿಗುತ್ತೆ ಅನ್ನಿಸಿದ್ದನ್ನ ಮಾತ್ರ ಮಾಡ್ತಿದ್ದೆ. ಮೊದಲ ಸಲ ನೀವಿದ್ದ ಸ್ಥಿತಿ ಇನ್ನೊಂದ್ಸಲ ನೋಡೋಕೆ ನನ್ನ ಕೈಲಾಗ್ತಿರ್ಲಿಲ್ಲ."

ಹೊರಗಿನವರಾಗಿದ್ದರೆ ಜನ್ಮ ಜಾಲಾಡಿಬಿಡುತ್ತಿದ್ದೆ. ಇಲ್ಲಿ ಕಣ್ಣಿಗೆ ಮಣ್ಣೆರಚಿದವಳು ದಿನಾ ಊಟಕ್ಕೆ ನನ್ನೆದುರು ಕೂರುವವಳು. ದ್ರೋಹ ಎಂಬ ಮಾತು ಬಾಯಿಗೆ ಬಂತು, ಆಡಿಯೂಬಿಟ್ಟೆ. ಅವಳು ಇಲ್ಲ ಅನ್ನಲಿಲ್ಲ.

ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ? ಸ್ವಲ್ಪ ಹೊತ್ತಾದ ಮೇಲೆ ಕೇಳಿದೆ, "ಸರಿ, ಆ ಕಷ್ಟದವುಗಳ ಫಲಿತಾಂಶನಾದ್ರೂ ಕೊಡು. ಎಲ್ಲಿ ಎಡವಿದೀನಿ ನೋಡ್ತೀನಿ. ರಿಟೈರಾಗೋದ್ರೊಳಗೆ ತಿದ್ದಬಹುದು."

"ಇಲ್ಲ. ಅವನ್ನ ನಾನು ಮಾಡೇ ಇಲ್ಲ."

"ಒಂದೂ?"

"ಒಂದೂ ಇಲ್ಲ. ತಪ್ಪು ಅಂತ ಕಣ್ಣಾರೆ ಕಂಡ್ಮೇಲೆ ನಿಮ್ಮ ಹತ್ರ ಮುಚ್ಚಿಡೋಕೆ ನನಗೆ ಬರಲ್ಲ."

ಡಾಕ್ಟರಿಗೆ ಫೋನ್ ಮಾಡಿ ಪ್ರೋಗ್ರಾಂ ಬಳಸಬೇಡಿ ಎಂದೆ, ಕ್ಷಮೆಯನ್ನೂ ಕೇಳಿದೆ. ಅದು ಅಷ್ಟು ಕಷ್ಟವಾಗಲಿಲ್ಲ. ಇಷ್ಟು ವರ್ಷ ಜೊತೆಗಿದ್ದವಳು, ಕಷ್ಟದ ಚೀಟಿಯಲ್ಲೂ ನಾನು ಗೆಲ್ಲಬಹುದೇನೋ ಎಂದು ಒಂದೇ ಒಂದು ಸಲವೂ ಮಾಡಿ ನೋಡಲಿಲ್ಲವಲ್ಲ.