ಹಿಂದಿನ ಪುಟ

ದಾವಣಗೆರೆಯ ಕಾನೂನು ಕಾಲೇಜಿನಲ್ಲಿ ಹನುಮೇಶನಿಗೆ ಒಂದು ಬಹುಮಾನ ಬಂದಿತ್ತು. ಅಣಕು ನ್ಯಾಯಾಲಯದ ಸ್ಪರ್ಧೆಗೆ ಅವನು ಬರೆದ ವಾದಪತ್ರದಲ್ಲಿ ಒಂದು ಸೈಟೇಶನ್ನೂ ತಪ್ಪಿರಲಿಲ್ಲವಂತೆ. ಪಕ್ಷಗಾರರ ಹೆಸರು, ವರ್ಷ, ಸಂಪುಟ, ಪುಟ, ಪ್ಯಾರಾ, ಎಲ್ಲವೂ ಇರಬೇಕಾದಲ್ಲೇ ಇದ್ದವು. "ಸೈಟೇಶನ್ ಅಂದ್ರೆ ತೀರ್ಪಿನ ಮನೆ ವಿಳಾಸ" ಎಂದು ಭವ್ಯಾ ಮೇಡಂ ಪಾಠ ಮಾಡಿದ್ದರು. ವಿಳಾಸ ಬರೆಯುವುದನ್ನು ಅವನು ಚೆನ್ನಾಗಿಯೇ ಕಲಿತ. ಆ ಮನೆಯೊಳಗೆ ಹೋಗಿ ಯಾರಿದ್ದಾರೆ, ಏನು ಮಾತಾಡುತ್ತಿದ್ದಾರೆ ಅಂತ ನೋಡುವುದಕ್ಕೆ ಅಂಕ ಇರಲಿಲ್ಲ. ಅಂಕ ಇಲ್ಲದ ಕೆಲಸವನ್ನು ಯಾವ ಕಾಲೇಜಿನಲ್ಲಿ ಯಾರು ಮಾಡುತ್ತಾರೆ ಹೇಳಿ.

ಹುಡುಗ ದಡ್ಡನಲ್ಲ. ಲೋಕಿಕೆರೆಯಲ್ಲಿ ಕನ್ನಡ ಶಾಲೆ ಓದಿ, ಪಿಯುಸಿಗೆ ಹರಿಹರದಲ್ಲಿ ತನ್ನ ಸೋದರತ್ತೆ ಓಬವ್ವನ ಜೊತೆಗಿದ್ದು, ಈಗ ದಾವಣಗೆರೆಯ ಸರಸ್ವತಿ ನಗರದ ಒಂದು ರೂಮಿನಲ್ಲಿ ಇದ್ದುಕೊಂಡು ಕೊನೆಯ ವರ್ಷದ ಎಲ್ಎಲ್‌ಬಿ ಮಾಡುತ್ತಿದ್ದ. ತಿಳಿಯದ ಇಂಗ್ಲಿಷನ್ನು ಮೊಬೈಲಿಗೆ ಹಾಕಿ ಕನ್ನಡ ಮಾಡಿಕೊಳ್ಳುತ್ತಿದ್ದ. ಮೊಬೈಲು ಮಾಡುವ ಕನ್ನಡವನ್ನು ಮತ್ತೆ ಕನ್ನಡ ಮಾಡಿಕೊಳ್ಳುವ ಕಷ್ಟವೂ ಅವನದೇ ಆಗಿತ್ತು.

ಓಬವ್ವನದು ಹರಿಹರದಲ್ಲಿ ಸ್ವಂತ ಮನೆಯಲ್ಲ. ಗಂಡ ತೀರಿಕೊಂಡ ಮೇಲೆ ಒಬ್ಬ ರಿಟೈರ್ಡ್ ಟೀಚರಮ್ಮನನ್ನು ನೋಡಿಕೊಳ್ಳಲು ಬಂದವಳು ಅಲ್ಲೇ ಉಳಿದಿದ್ದಳು, ಇಪ್ಪತ್ತು ವರ್ಷದ ಮೇಲಾಯಿತು. ಟೀಚರಮ್ಮ ಹಾಸಿಗೆ ಹಿಡಿದಾಗ ಮೈ ಒರೆಸಿದವಳು, ಹೇಲುಚ್ಚೆ ಬಾಚಿದವಳು ಇವಳೇ. "ನಾನು ಸತ್ರೂ ನೀನು ಇಲ್ಲೇ ಇರು ಓಬಿ" ಎಂದು ಅವರು ನಾಲ್ಕು ಜನರ ಮುಂದೆ ಹೇಳಿದ್ದರು. ಹೇಳಿದ್ದರೇ ಹೊರತು ಬರೆದಿರಲಿಲ್ಲ. ಅವರು ಹೋದ ಮೇಲೆ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿರುವ ಮಗ ತಿಮ್ಮೇಶ, ತಾಯಿಗೆ ಜ್ವರ ಬಂದಾಗ ಒಂದು ಸಲವೂ ಬಾರದವನು, ಬೀಗ ಹಿಡಿದುಕೊಂಡು ಬಂದ.

ಹರಿಹರದ ವಕೀಲ ಕೆಂಚವೀರಪ್ಪನವರು ಕೇಸು ಹಾಕಿ ತಾತ್ಕಾಲಿಕ ತಡೆಯಾಜ್ಞೆ ತಂದುಕೊಟ್ಟರು. ಕೋರ್ಟು ಇಬ್ಬರ ಮಾತನ್ನೂ ಕೇಳುವ ತನಕ ಅವಳನ್ನು ಹೊರಹಾಕುವಂತಿಲ್ಲ. ಹನುಮೇಶ ಅವರ ಆಫೀಸಿಗೆ ಇಂಟರ್ನ್‌ಶಿಪ್ಪಿಗೆ ಸೇರಿದ್ದೇ ಇದಕ್ಕಾಗಿ. ಅತ್ತೆಗೆ ಇರುವುದು ಆ ಮನೆಯೊಂದೇ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ವಾದದ ದಿನ ಹತ್ತಿರ ಬಂತು. ಕೆಂಚವೀರಪ್ಪನವರ ಲೆಕ್ಕಾಚಾರ ಹಳೆಯದು, ಆದರೆ ಸರಿಯಾದದ್ದು: ಟೈಮ್ ಕೇಳುವುದು, ಅಕ್ಕಪಕ್ಕದವರಿಂದ ಟೀಚರಮ್ಮನ ಮಾತಿಗೆ ಅಫಿಡವಿಟ್ ಹಾಕಿಸುವುದು, ಆಮೇಲೆ ವಾದ ಮಾಡುವುದು. ಅಷ್ಟರಲ್ಲಿ ಹನುಮೇಶ ಕುಣಿದುಕೊಂಡು ಬಂದ.

"ಸರ್, ಸಿಕ್ತು! ನಮಗೆ ಹೇಳಿ ಮಾಡ್ಸಿದಂಗೈತೆ."

ತೀರ್ಪುಗಳ ವೆಬ್‌ಸೈಟಿನಲ್ಲಿ ಅವನು 'ಕೇರ್‌ಟೇಕರ್' ಎಂಬ ಪದ ಹಾಕಿ ಹುಡುಕಿದ್ದ. ಆ ಪದ ಎಲ್ಲಿದೆಯೋ ನೇರ ಅಲ್ಲಿಗೇ ಕರೆದೊಯ್ದು ನಿಲ್ಲಿಸುವ ವೆಬ್‌ಸೈಟು ಅದು. ಇಂಗ್ಲಿಷ್ ತೀರ್ಪೊಂದರ ಆ ಪುಟದ ತುಂಬ ಒಂದೇ ಪ್ಯಾರಾ. ಬಹುಕಾಲ ಮನೆ ನೋಡಿಕೊಂಡವರಿಗೆ ಆ ಮನೆಯಲ್ಲಿ ಒಂದು ಹಕ್ಕು ಹುಟ್ಟುತ್ತದೆ. ಮಾಲೀಕರು ಬಾಯಲ್ಲಿ ಕೊಟ್ಟ ಮಾತನ್ನು ವಾರಸುದಾರರು ಮುರಿಯುವಂತಿಲ್ಲ. ಅಂಥವರನ್ನು ಬೀದಿಗೆ ತಳ್ಳುವುದು ನ್ಯಾಯವಲ್ಲ. ಹನುಮೇಶನಿಗೆ ಕಣ್ಣು ತುಂಬಿ ಬಂತು. ಅತ್ತೆಯನ್ನು ಕಂಡೇ ಯಾರೋ ಬರೆದಂತಿತ್ತು.

"ಪೂರ್ತಿ ಓದಿಯೇನಪ?" ಕೆಂಚವೀರಪ್ಪ ಕನ್ನಡಕದ ಮೇಲಿಂದ ನೋಡಿದರು.

"ಓದೀನಿ ಸರ್."

ಆ ಪುಟವನ್ನಂತೂ ಪೂರ್ತಿ ಓದಿದ್ದ. ಕೆಂಚವೀರಪ್ಪನವರು ಗುರುತು ಹಾಕಿದಷ್ಟನ್ನು ಓದಿ, "ಭೇಷ್! ಹಂಗಾರೆ ಟೈಮ್ ಯಾಕ ಕೇಳೋದು? ಇದ್ರ ಮ್ಯಾಲೆ ವಾದ ಮಾಡಿ ಮುಗಿಸಾನ" ಎಂದರು. ದೊಡ್ಡವರು ಚಿಕ್ಕವನನ್ನು ನಂಬಿದರು, ಚಿಕ್ಕವನು ವೆಬ್‌ಸೈಟನ್ನು ನಂಬಿದ, ಓಬವ್ವ ಇಬ್ಬರನ್ನೂ ನಂಬಿದಳು. ಕುರುಡರು ಕೈ ಹಿಡಿದುಕೊಂಡು ನಡೆದ ಹಾಗೆ.

ಆ ದಿನ ಓಬವ್ವ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟುಕೊಂಡು ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಕೆಂಚವೀರಪ್ಪ ಆ ಪ್ಯಾರಾವನ್ನು ಗಟ್ಟಿಯಾಗಿ ಓದಿ, ಆ ಪುಟದ ಜೆರಾಕ್ಸನ್ನು ನ್ಯಾಯಾಧೀಶರಿಗೂ ಎದುರು ವಕೀಲರಿಗೂ ಕೊಟ್ಟರು. ತಿಮ್ಮೇಶನ ಪರ ವಕೀಲೆ ಆಶಾ ತನ್ನ ಪ್ರತಿಯ ಸೈಟೇಶನ್ ನೋಡಿ ಮೊಬೈಲು ತೆಗೆದಳು. ವಿಳಾಸ ಅಷ್ಟು ಚೊಕ್ಕವಾಗಿದ್ದರೆ ಮನೆ ಹುಡುಕಲು ಎಷ್ಟು ಹೊತ್ತು ಬೇಕು?

"ಮಹಾಸ್ವಾಮಿ, ಇದು ಕೋರ್ಟಿನ ಮಾತಲ್ಲ. ಆ ಕೇಸಿನಾಗೆ ಸೋತ ಕಡೆಯ ವಕೀಲರ ವಾದ. ಹಿಂದಿನ ಪುಟದ ಕೊನೇ ಸಾಲು ನೋಡ್ಬೇಕು. ಎರಡು ಪುಟ ಆದ್ಮ್ಯಾಲೆ ಕೋರ್ಟು ಇದನ್ನ ತಳ್ಳಿಹಾಕೈತೆ. ನೋಡಿಕೊಳ್ಳಾಕ ಇದ್ದೋರಿಗೆ ಎಷ್ಟು ವರ್ಷ ಆದ್ರೂ ಹಕ್ಕಿಲ್ಲ ಅಂತ. ಈ ತೀರ್ಪು ನಮ್ಮ ಪರ ಐತೆ. ಹುಡುಕಿಕೊಟ್ಟಿದ್ದಕ್ಕೆ ಸೀನಿಯರ್‌ಗೆ ಥ್ಯಾಂಕ್ಸ್ ಹೇಳ್ತೀನಿ."

ಹಾಲಿನಲ್ಲಿ ಯಾರೋ ಕಿಸಕ್ಕೆಂದರು. ನ್ಯಾಯಾಧೀಶರು ನಗಲಿಲ್ಲ. ಹಿಂದಿನ ಪುಟ ಎಲ್ಲಿ ಎಂದು ಕೇಳಿದರು. ಕೆಂಚವೀರಪ್ಪ ತಿರುಗಿ ಹನುಮೇಶನನ್ನು ನೋಡಿದರು. ಈಗಲಾದರೂ ಟೈಮ್ ಕೊಡಿ ಎಂದು ಅವರು ಕೇಳಿದ್ದಕ್ಕೆ, "ವಾದ ಮುಗಿದಿದೆಯಲ್ಲ" ಎಂಬ ಉತ್ತರ ಬಂತು.

ಹನುಮೇಶ ಹೊರಗೆ ಬೇವಿನ ಮರದ ಕೆಳಗೆ ನಿಂತು ಮೊಬೈಲಿನಲ್ಲಿ ಒಂದು ಪುಟ ಮೇಲಕ್ಕೆ ಸರಿಸಿದ. ಅಲ್ಲಿತ್ತು: ಮೇಲ್ಮನವಿದಾರರ ವಕೀಲರು ವಾದಿಸುವುದೇನೆಂದರೆ. ಪುಟ ಅಲ್ಲಿಗೆ ಮುಗಿದಿತ್ತು. ನಮ್ಮ ಕನ್ನಡದಲ್ಲಿ ಯಾರ ಮಾತು ಎಂಬುದು ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಎಷ್ಟೇ ಉದ್ದ ಹೇಳಲಿ, 'ಎಂದು ಇಂಥವರು ಹೇಳಿದರು' ಅಂತ ಬಾಲಕ್ಕೆ ಕಟ್ಟುತ್ತೇವೆ. ಇಂಗ್ಲಿಷಿನವರು ಅದನ್ನು ತಲೆಗೇ ಕಟ್ಟಿ ಮುಂದೆ ಹೋಗುತ್ತಾರೆ. ಹನುಮೇಶ ಪ್ಯಾರಾದ ಬಾಲ ನೋಡಿದ್ದ. ಅಲ್ಲಿ ಯಾರ ಹೆಸರೂ ಇರಲಿಲ್ಲ. ಹಾಗಾದರೆ ಕೋರ್ಟೇ ಹೇಳಿದ್ದು ಅಂದುಕೊಂಡಿದ್ದ. ಅವನಿಗೆ ಸತ್ತು ಹೋಗುವಷ್ಟು ನಾಚಿಕೆಯಾಯಿತು.

"ಏನಂದ್ರು ತಮ್ಮಾ?" ಎಂದು ಓಬವ್ವ ಬಂದು ಕೇಳಿದಳು.

"ಆರ್ಡರ್‌ಗೆ ಇಟ್ಕಂಡಾರೆ ಅತ್ತೆ" ಎಂದಷ್ಟೇ ಹೇಳಿದ.

ವಾರ ಕಳೆದು ಆರ್ಡರ್ ಬಂತು. ತಡೆಯಾಜ್ಞೆ ಹೋಯಿತು. ಅಪೀಲು ಹಾಕಬಹುದು, ಆದರೆ ನಾವೇ ಕೊಟ್ಟ ತೀರ್ಪು ಅಲ್ಲಿಗೂ ನಮ್ಮ ಬೆನ್ನು ಹತ್ತಿ ಬರುತ್ತದೆ ಎಂದರು ಕೆಂಚವೀರಪ್ಪ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಿಮ್ಮೇಶ ಭಾನುವಾರದೊಳಗೆ ಖಾಲಿ ಮಾಡು ಎಂದ.

ಶನಿವಾರ ಹನುಮೇಶ ಬಂದಾಗ ಓಬವ್ವ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಲೋಕಿಕೆರೆಯ ಅಣ್ಣನ ಮನೆಯಲ್ಲಿ, ಮೊದಲೇ ಆರು ಜನ ಮಲಗುವ ಎರಡು ಅಂಕಣದಲ್ಲಿ, ಇನ್ನು ಅವಳ ಹಾಸಿಗೆ. ಅವನ ಕೈಯಲ್ಲಿದ್ದ ಆರ್ಡರಿನ ಪ್ರತಿ ನೋಡಿ ಕೈ ಒರೆಸಿಕೊಂಡು ಕೂತಳು.

"ಜಡ್ಜ್ ಸಾಹೇಬ್ರು ನನ್ನ ಬಗ್ಗೆ ಏನು ಬರ್ದಾರೆ, ಓದು. ಕಳ್ಳಿ ಅಂತೇನಾದ್ರೂ ಬರ್ದಾರೇನು?"

"ಇಲ್ಲ ಅತ್ತೆ."

"ಓದು ಮತ್ತೆ."

ಆರ್ಡರ್ ಕನ್ನಡದಲ್ಲಿತ್ತು. ಅವನು ಓದಿದ. "ವಾದಿಯು ದಿವಂಗತರನ್ನು ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಹೆತ್ತ ತಾಯಿಯಂತೆ ನೋಡಿಕೊಂಡಿದ್ದು, ಅವರು ಹಾಸಿಗೆ ಹಿಡಿದಾಗ ಸ್ವಂತ ಮಗನೂ ಮಾಡದ ಸೇವೆಯನ್ನು ಮಾಡಿದ್ದು, ಸದರಿ ಮನೆಯನ್ನು ಬಿಟ್ಟರೆ ಆಕೆಗೆ ಬೇರೆ ನೆಲೆ ಇರುವುದಿಲ್ಲ..."

ಓಬವ್ವನ ಮುಖ ಅರಳಿತು. ಎಷ್ಟೋ ದಿನಗಳ ಮೇಲೆ ಅರಳಿತು.

"ನೋಡಿದ್ಯಾ! ಸಾಹೇಬ್ರಿಗೆ ಎಲ್ಲಾ ಗೊತ್ತೈತೆ. ಮನಿ ಹೋದ್ರೆ ಹೋಗ್ಲಿ. ಇಷ್ಟು ಬರ್ದಾರಲ್ಲ, ಸಾಕು. ಇದನ್ನ ಕೊಡು, ಊರಾಗೆ ಯಾರಾದ್ರೂ ಆಡ್ಕಂಡ್ರೆ ಓದಿಸ್ತೀನಿ."

ಅವಳು ಕೈ ಚಾಚಿದಳು. ಹನುಮೇಶ ಕೊಟ್ಟುಬಿಡಬಹುದಿತ್ತು. ಆದರೆ ಊರಲ್ಲಿ ಯಾರಾದರೊಬ್ಬರು ಸಾಲು ಮುಗಿಯುವವರೆಗೂ ಓದುತ್ತಾರೆ.

"ಇನ್ನೂ ಮುಗಿದಿಲ್ಲ ಅತ್ತೆ" ಎಂದ. ನಿಲ್ಲಿಸಿದಲ್ಲಿಂದ ಮುಂದೆ ಓದಿದ. "ಬೇರೆ ನೆಲೆ ಇರುವುದಿಲ್ಲ ಎಂದು ವಾದಿಯ ಪರ ವಕೀಲರು ವಾದಿಸಿರುತ್ತಾರೆ. ಸದರಿ ವಾದವನ್ನು ಒಪ್ಪಲಾಗುವುದಿಲ್ಲ. ವಾದಿಯೇ ಹಾಜರುಪಡಿಸಿದ ತೀರ್ಪಿನ ಪ್ರಕಾರ ಆಕೆ ಕೆಲಸದಾಕೆಯಷ್ಟೇ ಆಗಿರುತ್ತಾಳೆ."

ಓಬವ್ವ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಹಂಗಾರೆ ಅದು ನಮ್ಮ ವಕೀಲ್ರು ಅಂದಿದ್ದು. ಸಾಹೇಬ್ರು ಅಂದಿದ್ದಲ್ಲ."

"ಹೂಂ."

ಅವಳು ಅವನ ಮುಖವನ್ನೇ ನೋಡಿದಳು. ಕೋರ್ಟಿನಲ್ಲಿ ಯಾರೋ ನಕ್ಕಿದ್ದು, ವಕೀಲರು ತಿರುಗಿ ಇವನನ್ನು ನೋಡಿದ್ದು ಅವಳಿಗೆ ನೆನಪಿತ್ತು.

"ಆವತ್ತು ನೀನು ಕೊಟ್ಟ ಹಾಳೆಯಾಗೂ ಹಿಂಗೇ ಆತೇನು? ಯಾರೋ ಅಂದಿದ್ದನ್ನ ಕೋರ್ಟು ಅಂದೈತೆ ಅಂತ ಓದಿದ್ಯೇನು?"

"ಹೂಂ ಅತ್ತೆ. ನಾನೇ ತಪ್ಪು ಓದಿದ್ದೆ."

ಓಬವ್ವನಿಗೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ದುಃಖ ಬಂತು. ಇವನಿಗೆ ಅನ್ನ ಹಾಕಿ ಪಿಯುಸಿ ಓದಿಸಿದ್ದು ಇದೇ ಅಡುಗೆಮನೆಯಲ್ಲಿ.

"ನನಗಂತೂ ಓದಾಕ ಬರಲ್ಲ" ಎಂದಳು. "ನಿನಗೆ ಬರ್ತಿತ್ತಲ್ಲೋ."

ಹನುಮೇಶ ಚೀಲ ಎತ್ತಲು ಹೋದ. ಅವಳು ಬಿಡಲಿಲ್ಲ, ತಾನೇ ಎತ್ತಿಕೊಂಡು ಹೋಗಿ ಆಟೋದಲ್ಲಿಟ್ಟಳು.