ಪುಟ ೬೧೧ರ ತಪ್ಪು

೧

ಕಥೆಯನ್ನು ಹೇಗೆ ಶುರು ಮಾಡಬೇಕೆಂದು ಗೊತ್ತಿದ್ದರೆ ನಾನು ಕಥೆಗಾರನಾಗುತ್ತಿದ್ದೆ, ವಿಮರ್ಶಕನಾಗುತ್ತಿರಲಿಲ್ಲ. ಮೊದಲ ಡ್ರಾಫ್ಟ್ ಹೀಗಿತ್ತು: "ಬೂದಿಯ ಕಡಲಿನಲ್ಲಿ ಸೂರ್ಯ ಮುಳುಗುತ್ತಿದ್ದ." ಅದು ನನ್ನ ವಾಕ್ಯವಲ್ಲ, ನಾನು ತೀರ್ಪು ಕೊಡಬೇಕಾದ ಕಾದಂಬರಿಯದು. ಕದ್ದ ವಾಕ್ಯದಿಂದ ಶುರು ಮಾಡುವುದು ಬೇಡವೆಂದು ಹೊಡೆದು ಹಾಕಿದೆ. (ಕದಿಯುವ ವಿಷಯಕ್ಕೆ ಆಮೇಲೆ ಬರುತ್ತೇನೆ. ಬರದೆ ವಿಧಿಯಿಲ್ಲ.)

ಎರಡನೆಯ ಡ್ರಾಫ್ಟ್: "ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಮುದುಕಿಯೊಬ್ಬಳು ಆರಾಮಕುರ್ಚಿಯಲ್ಲಿ ಕೂತಿದ್ದಳು." ಅತ್ತೆಗೆ ಓದಿ ಹೇಳಿದೆ. "ಮುದುಕಿ ಯಾರು?" ಎಂದರು. ಅದನ್ನೂ ಹೊಡೆದು ಹಾಕಿದೆ.

ಹಾಗಾಗಿ ಅಂಕಪಟ್ಟಿಯಿಂದ ಶುರು ಮಾಡುತ್ತೇನೆ. ಅದರಲ್ಲಿ ಸಾಹಿತ್ಯ ಕಡಿಮೆ, ಸುಳ್ಳೂ ಕಡಿಮೆ.

೨

ಗ್ರಂಥಾಲಯ ಸಂಘವೊಂದು ಪ್ರತಿ ವರ್ಷ ಒಂದು ಕಾದಂಬರಿಗೆ ಬಹುಮಾನ ಕೊಡುತ್ತದೆ. ತೀರ್ಪುಗಾರರು ಮೂವರು. ಈ ವರ್ಷ ಕೊನೆಯ ಸುತ್ತಿಗೆ ಬಂದದ್ದು 'ಬೂದಿಗಡಲು' ತ್ರಿವಳಿಯ ಮೂರನೆಯ ಸಂಪುಟ. ಆರುನೂರ ಇಪ್ಪತ್ತು ಪುಟ. ತಲೆದಿಂಬು ಮಾಡಿಕೊಂಡರೆ ಕುತ್ತಿಗೆ ಉಳುಕುತ್ತದೆ. ಒಬ್ಬ ತೀರ್ಪುಗಾರರು ಕೊಡಲೇಬೇಕು ಎಂದಿದ್ದಾರೆ, ಇನ್ನೊಬ್ಬರು ಕೂಡದೇ ಕೂಡದು ಎಂದಿದ್ದಾರೆ. ಈಗ ಎಲ್ಲ ನನ್ನ ತಲೆಯ ಮೇಲೆ. ಸೋಮವಾರ ಸಂಜೆ ಐದರೊಳಗೆ ನನ್ನ ಪಟ್ಟಿ ತಲುಪಬೇಕು.

ಬರೆದವರು ತಿದ್ದಮ್ಮ. ಅದು ಆಫೀಸಿನಲ್ಲಿ ನಾವಿಟ್ಟ ಹೆಸರು. ನಾನು ಸಂಪಾದಕನಾಗಿದ್ದ ವಾರಪತ್ರಿಕೆಯಲ್ಲಿ ಹನ್ನೊಂದು ವರ್ಷ ಪ್ರೂಫ್ ನೋಡುತ್ತಿದ್ದರು. ಅಲ್ಪಪ್ರಾಣ ಮಹಾಪ್ರಾಣದ ವಿಷಯದಲ್ಲಿ ಅವರಿಗೆ ದಯೆ ದಾಕ್ಷಿಣ್ಯ ಇರಲಿಲ್ಲ. ಕೆಲಸ ಬಿಟ್ಟು ಹೋದವರು ಹದಿನಾಲ್ಕು ವರ್ಷ ಕೂತು ಈ ಮೂರು ಸಂಪುಟ ಬರೆದರು. ನನಗೆ ಪರಿಚಯದವರು ಎಂದು ಸಂಘದ ಕಾರ್ಯದರ್ಶಿಗೆ ಮೊದಲೇ ಹೇಳಿದ್ದೆ. "ಬರೆಯೋರಲ್ಲಿ ಯಾರಿಗೆ ಯಾರು ಪರಿಚಯ ಇಲ್ಲ ಹೇಳಿ ಸಾರ್, ನೀವು ಓದಿ" ಎಂದರು.

೩

ಕಾದಂಬರಿ ಓದದವರಿಗಾಗಿ ಎರಡು ಮಾತು. ಬೂದಿ ತುಂಬಿದ ಒಂದು ಕಡಲು, ಒಂಬತ್ತು ದ್ವೀಪ, ಒಂಬತ್ತು ಜನ ಜಗಳಗಂಟ ರಾಜರು, ಒಂದು ಹಾರುವ ಮೊಸಳೆ. (ನಗಬೇಡಿ. ಆ ಮೊಸಳೆ ಸತ್ತಾಗ ಅತ್ತೆ ಅತ್ತು, ಕಣ್ಣಿನ ಡಾಕ್ಟರರಿಂದ ಬೈಸಿಕೊಂಡರು.) ಕಡಲ ನಡುವೆ ದೀಪದ ಗೋಪುರ. ಅದರಲ್ಲಿ 'ದೀಪದವರು'. ಅವರು ನಿದ್ದೆ ಮಾಡುವುದಿಲ್ಲ. ಎರಡೂ ಕೈಯಲ್ಲಿ ಬರೆಯುತ್ತಾರೆ. ಎಂಥ ರಾಜನಾದರೂ ಅವರನ್ನು ಕೇಳಿಯೇ ಹಡಗು ತಿರುಗಿಸಬೇಕು. ಮೊದಲ ಸಂಪುಟದ ವಿಮರ್ಶೆಯಲ್ಲಿ ನಾನು ಅವರನ್ನು "ನಿದ್ದೆ ಗೆದ್ದ ಏಕಾಂಗಿ ಋಷಿ" ಎಂದು ಕರೆದಿದ್ದೆ. ಆ ಮಾತನ್ನು ಪ್ರಕಾಶಕರು ಮುಂದಿನ ಎರಡೂ ಸಂಪುಟಗಳ ಹಿಂಬದಿಯಲ್ಲಿ ಅಚ್ಚು ಹಾಕಿಸಿದ್ದಾರೆ.

ಈಗ ಪುಟ ೬೧೧. ಯುದ್ಧ ಮುಗಿದಿದೆ. ವಾಕ್ಯ ಹೀಗಿದೆ: "ದೀಪದವರು ಒಬ್ಬರನ್ನೊಬ್ಬರು ನೋಡಿ ನಕ್ಕರು."

ಒಬ್ಬರೇ ಇರುವ ಗೋಪುರದಲ್ಲಿ ಒಬ್ಬರನ್ನೊಬ್ಬರು ನೋಡುವುದು ಹೇಗೆ? ಅಲ್ಲಿ ಕನ್ನಡಿ ಕೂಡ ಇಲ್ಲ. ಪೆನ್ಸಿಲಿನಲ್ಲಿ ಸುತ್ತು ಹಾಕಿದೆ. ಭಾಷಾಶುದ್ಧಿಗೆ ಹತ್ತಕ್ಕೆ ನಾಲ್ಕು. ಷರಾ: "ಲೇಖಕಿ ಏಕವಚನ ಬಹುವಚನದಲ್ಲಿ ಎಡವಿದ್ದಾರೆ." ಬರೆಯುವಾಗ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಹನ್ನೊಂದು ವರ್ಷ ನನ್ನ ತಪ್ಪು ಹಿಡಿದವರ ಒಂದು ತಪ್ಪು ಕೊನೆಗೂ ನನ್ನ ಕೈಗೆ ಸಿಕ್ಕಿತ್ತು.

೪

(ಇದನ್ನು ಹರಿದು ಹಾಕಿದೆ. ಇದರಲ್ಲಿ ಆ ವಾಕ್ಯದ ಗುಟ್ಟನ್ನು ನಾನೇ ಕಂಡುಹಿಡಿದಿದ್ದೆ.)

೫

ನಿಜವಾಗಿ ನಡೆದದ್ದು ಇಷ್ಟು. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದವರು. ಕಣ್ಣಿನ ಆಪರೇಶನ್ ಆಗಿ ನಮ್ಮಲ್ಲಿದ್ದಾರೆ. ಅವರ ಮಗಳು (ನನ್ನ ಹೆಂಡತಿ) ಕೆಲಸಕ್ಕೆ ಹೋದ ಮೇಲೆ ಅವರಿಗೆ ಪುಸ್ತಕ ಓದಿ ಹೇಳುವುದು ನನ್ನ ಡ್ಯೂಟಿ. ಮೊದಲ ಎರಡು ಸಂಪುಟ ಅವರೇ ಓದಿದ್ದರು. ಶನಿವಾರ ಬೆಳಿಗ್ಗೆ ೬೧೧ಕ್ಕೆ ಬಂದೆವು.

"ನಿಲ್ಲಿಸಿ ಅಳಿಯಂದಿರೇ. ಇನ್ನೊಂದ್ಸಲ ಓದಿ."

ಓದಿದೆ. "ಅದು ತಪ್ಪು ಅತ್ತೆ, ಅಂಕ ಕಳೆದಿದ್ದೀನಿ."

"ತಪ್ಪು ಯಾಕೆ? ಅವರು ಮೊದಲಿಂದ್ಲೂ ಇಬ್ರೇ ಅಲ್ವಾ?"

"ಯಾರು ಹೇಳಿದ್ದು?"

"ಒಬ್ರೇ ಅಂತ ಯಾರು ಹೇಳಿದ್ದು? ನಾನು ನಿಮ್ಮನ್ನ ಅಳಿಯಂದಿರು ಅಂತೀನಿ. ಹಾಗಂತ ನನಗೇನು ನಾಲ್ಕು ಜನ ಅಳಿಯಂದಿರಿದ್ದಾರಾ? ಒಬ್ರನ್ನ ಸಂಭಾಳಿಸೋದೇ ಸಾಕಾಗಿದೆ. ಒಬ್ರಿಗೆ ಮರ್ಯಾದೆ ಕೊಟ್ರೂ 'ಬಂದರು', ಇಬ್ರು ಬಂದ್ರೂ 'ಬಂದರು'. ನೀವು ಮರ್ಯಾದೆ ಅಂದ್ಕೊಂಡ್ರಿ. ಬರೆದಾಕೆ ತಲೆ ಎಣಿಸ್ತಿದ್ರು."

"ಮತ್ತೆ ಆ ನಿದ್ದೆ ಮಾಡದೇ ಇರೋದು?"

"ಪಾಳಿ ಕಣ್ರೀ! ಫೋನ್ ಮಾಡೋರ ಪಾಲಿಗೆ ನಾವೂ ನಿದ್ದೆ ಮಾಡದೋರೇ ಆಗಿದ್ವಿ. ಒಬ್ಬಳು ಮಲಗಿದ್ರೆ ಇನ್ನೊಬ್ಬಳು ಕೂತಿರ್ತಿದ್ಲು. ಅದೂ ಅಲ್ದೆ, ಎರಡು ಗಂಟಲು ಕೇಳಿಸ್ತಿದೆಯಲ್ಲ. ಒಬ್ರು ಪ್ರಶ್ನೆ ಕೇಳಿ ಸುಮ್ಮನಾಗ್ತಾರೆ. ಇನ್ನೊಬ್ರು ಯಾವಾಗ್ಲೂ 'ಅಂದರೆ' ಅಂತಾನೇ ಬಾಯಿ ತೆಗೀತಾರೆ."

೬

ಅಂದರೆ, ನಾನು ಮೋಸ ಹೋಗಿದ್ದೆ. ಶನಿವಾರ, ಭಾನುವಾರ ಎರಡು ದಿನ ಮೂರೂ ಸಂಪುಟಗಳನ್ನು ತಿರುವಿ ಹಾಕಿದೆ. ಸಾವಿರದ ಎಂಟುನೂರು ಪುಟಗಳಲ್ಲಿ ದೀಪದವರ ಬಗ್ಗೆ 'ಒಬ್ಬರು' ಎಂಬ ಮಾತು ಒಂದೇ ಒಂದು ಕಡೆಯೂ ಇಲ್ಲ. 'ಏಕಾಂಗಿ' ಇರುವುದು ಹಿಂಬದಿಯ ರಟ್ಟಿನಲ್ಲಿ, ಅದು ನಾನು ಸೇರಿಸಿದ್ದು. ಒಂದು ಕಡೆ ಬಲಗೆನ್ನೆಯ ಮೇಲೆ ಗಾಯದ ಗುರುತು, ಇನ್ನೊಂದು ಕಡೆ ಎಡಗೆನ್ನೆಯ ಮೇಲೆ. ಅದನ್ನು ಕೂಡ ನಾನು ಲೇಖಕಿಯ ಮರೆವು ಎಂದು ಬರೆದಿದ್ದೆ.

ಆಮೇಲೆ ಆ ಇನ್ನೊಂದು ಗಂಟಲು. ಈ ಭಾಗದ ಮೊದಲ ಪದವನ್ನು ನೀವೂ ನೋಡಿದಿರಿ. ಅದು ನನ್ನ ಚಾಳಿ. ಕಪಾಟಿನಿಂದ ಹಳೆಯ ಸಂಚಿಕೆಗಳನ್ನು ಇಳಿಸಿಕೊಂಡು ಕೂತೆ.

ನಮ್ಮ ಪತ್ರಿಕೆಯ ಸಂಪಾದಕೀಯ ತುಂಬ ಹೆಸರು ಮಾಡಿತ್ತು. ನಾನು "ಅಂದರೆ" ಎಂದು ಶುರು ಮಾಡಿ ಅರ್ಧ ಪುಟ ಗೀಚಿ, ಯಾವುದೋ ಸಭೆಗೆ ಹೊರಟುಬಿಡುತ್ತಿದ್ದೆ. ಉಳಿದರ್ಧವನ್ನು, ಜನ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದ ಅರ್ಧವನ್ನು, ತಿದ್ದಮ್ಮ ಬರೆಯುತ್ತಿದ್ದರು. ಕೆಳಗೆ ಸಹಿ: "ಸಂಪಾದಕರು". ಓದುಗರು ಅದನ್ನು ಮರ್ಯಾದೆ ಎಂದುಕೊಂಡರು, ನಾನು ಹೌದೌದು ಎಂದುಕೊಂಡೆ. ಆಮೇಲೆ ಅವೆಲ್ಲ ಪುಸ್ತಕವಾದವು, ನನ್ನ ಹೆಸರಿನಲ್ಲಿ, ನನ್ನ ಫೋಟೋ ಹಾಕಿ. ಮುನ್ನುಡಿಯಲ್ಲಿ "ಕಚೇರಿಯ ಸಮಸ್ತ ಸಿಬ್ಬಂದಿಗೆ" ಕೃತಜ್ಞತೆ ಹೇಳಿದ್ದೆ. ಆ ಪುಸ್ತಕದ ಪ್ರೂಫನ್ನೂ ತಿದ್ದಮ್ಮನೇ ನೋಡಿದರು. ಒಂದು ತಪ್ಪೂ ಉಳಿಯದಂತೆ ನೋಡಿಕೊಟ್ಟು, ಮರುದಿನ ಕೆಲಸ ಬಿಟ್ಟರು.

ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ (ಇದನ್ನು ಬರೆಯಲೂ ನಾಚಿಕೆ) ಕುತೂಹಲವಾಯಿತು. ಅವರು ನನ್ನನ್ನು ಗೋಪುರದಲ್ಲಿ ಕೂರಿಸಿದ್ದಾರೆಯೇ? ಪುಟ ೬೧೧ರ ನಗು ಕ್ಷಮೆಯೇ?

೭

ಇಲ್ಲಿಂದ ಮೂರು ದಾರಿ.

ಕ) ತೆಪ್ಪಗೆ ನಾಲ್ಕನ್ನು ಹತ್ತು ಮಾಡಿ ಕಳಿಸುವುದು. ಕಳ್ಳನಿಗೂ ಖುಷಿ, ಮನೆಯವರಿಗೂ ಖುಷಿ.

ಖ) ತೀರ್ಪುಗಾರನ ಸ್ಥಾನಕ್ಕೆ ರಾಜೀನಾಮೆ ಕೊಡುವುದು. ಇದರಲ್ಲಿ ನಾನು ತುಂಬ ದೊಡ್ಡ ಮನುಷ್ಯನಾಗಿ ಕಾಣುತ್ತೇನೆ, ಆ ಕಾರಣಕ್ಕೇ ಅನುಮಾನ.

ಗ) ಫೋನ್ ಮಾಡುವುದು.

ಸೋಮವಾರ ಬೆಳಿಗ್ಗೆ ಫೋನ್ ಮಾಡಿದೆ. ನಿಯಮಕ್ಕೆ ವಿರುದ್ಧ, ಗೊತ್ತು.

"ತೀರ್ಪು ಕೊಡೋರು ಬರೆದೋರಿಗೆ ಫೋನ್ ಮಾಡ್ಬಾರ್ದು ಸಾರ್" ಎಂದರು ತಿದ್ದಮ್ಮ. ದನಿ ಹಾಗೇ ಇತ್ತು.

"ಒಂದೇ ಪ್ರಶ್ನೆ. ದೀಪದವರು ಇಬ್ಬರು ಅಂತ ಗೊತ್ತಾಯ್ತು."

"ಹದಿನಾಲ್ಕು ವರ್ಷಕ್ಕೆ ಒಬ್ರಿಗಾದ್ರೂ ಗೊತ್ತಾಯ್ತಲ್ಲ" ಎಂದರು. ಅದು ಗೊತ್ತಾದದ್ದು ನನಗಲ್ಲ ಎಂದು ಹೇಳಬೇಕಿತ್ತು. ಹೇಳಲಿಲ್ಲ.

"ಅವರಲ್ಲಿ ಒಬ್ಬ ನಾನಾ? ಆ 'ಅಂದರೆ'..."

"'ಅಂದರೆ' ಅನ್ನೋದು ನಿಮ್ಮೊಬ್ಬರ ಆಸ್ತಿನಾ ಸಾರ್?"

"ಹಾಗಾದ್ರೆ ನಾನಲ್ಲವಾ?"

"ಮೊದಲು ಅಂಕ ಕಳಿಸಿ. ನೀವಿದ್ದೀರೋ ಇಲ್ವೋ ಗೊತ್ತಿಲ್ದೆ ಕಳಿಸಿ. ಆಮೇಲೆ ಕೇಳಿ."

ಫೋನ್ ಇಟ್ಟರು.

೮

ಮುಗಿಸಲು ಇದು ಒಳ್ಳೆಯ ಜಾಗ. ಇಲ್ಲೇ ನಿಲ್ಲಿಸೋಣವೆಂದರೆ ಅತ್ತೆ ಬಿಡಲಿಲ್ಲ.

ಮಧ್ಯಾಹ್ನ ಹಳೆಯ ಷರಾ ಹೊಡೆದು ಹಾಕಿ ಹೊಸದು ಬರೆದೆ: "ಪುಟ ೬೧೧ರ ವಾಕ್ಯ ತಪ್ಪಲ್ಲ. ಒಂದು ಗೌರವದ ಮಾತಿನೊಳಗೆ ಇಬ್ಬರನ್ನು ಮೂರು ಸಂಪುಟಗಳ ಉದ್ದಕ್ಕೂ ಕಾಪಾಡಿರುವ ಲೇಖಕಿಯ ಕಸುಬನ್ನು ನಾನು ಗಮನಿಸಿದ್ದೇನೆ." ಓದಿ ಹೇಳಿದೆ.

"ಯಾರು ಗಮನಿಸಿದ್ದು?" ಎಂದರು ಅತ್ತೆ.

"ಗಮನಿಸಿದ್ದೇವೆ" ಎಂದು ತಿದ್ದಿದೆ.

"ಆ ಆಟ ನನ್ಹತ್ರ ಬೇಡ. ಬಿಡಿಸಿ ಬರೀರಿ."

"ಅತ್ತೆ, ಹೊರಗಿನವರ ಮಾತು ಕೇಳಿ ಬರೆದ ಪಟ್ಟಿ ಊರ್ಜಿತವಲ್ಲ ಅಂತ ನಿಯಮ ಇದೆ. ನಿಮ್ಮ ಹೆಸರು ಹಾಕಿದ್ರೆ ಆಕೆಗೆ ಬಹುಮಾನ ಹೋಗುತ್ತೆ."

"ಹಾಕದಿದ್ರೆ?"

ಹಾಕದಿದ್ದರೆ ಏನಾಗುತ್ತದೆಂದು ನನಗೆ ಗೊತ್ತು. ಹನ್ನೊಂದು ವರ್ಷ ಮಾಡಿದ ಅಭ್ಯಾಸ. ಹಾಕಿದರೆ, ಒಬ್ಬರಿಗೆ ಸಲ್ಲಬೇಕಾದದ್ದನ್ನು ಕೊಡಲು ಹೋಗಿ ಇನ್ನೊಬ್ಬರಿಗೆ ಸಲ್ಲಬೇಕಾದದ್ದನ್ನು ಎರಡನೆಯ ಸಲ ಕಿತ್ತುಕೊಂಡ ಹಾಗೆ. ಓದುಗ ಮಹಾಶಯರೇ, ಇದಕ್ಕೊಂದು ಮುಕ್ತಾಯ ಬೇಕೆಂದು ನನ್ನ ಮುಖ ನೋಡಬೇಡಿ. ಗಂಟೆ ನಾಲ್ಕೂ ಮುಕ್ಕಾಲು, ಸಹಿಯ ಜಾಗ ಖಾಲಿ ಇದೆ, ನಾನಿನ್ನೂ ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕೂತಿದ್ದೇನೆ.

ಫೋನ್ ಹೊಡೆದುಕೊಂಡಿತು. ಸಂಘದ ಕಾರ್ಯದರ್ಶಿಯೇ ಇರಬೇಕು. ನಾನು ಏಳುವಷ್ಟರಲ್ಲಿ ಅತ್ತೆ ತಡಕಾಡಿ ಫೋನ್ ಎತ್ತಿಕೊಂಡಿದ್ದರು. ಆ ಕಡೆಯ ಮಾತನ್ನು ಪೂರ್ತಿ ಕೇಳಿಸಿಕೊಂಡರು.

"ಹೌದು," ಎಂದರು, "ತೀರ್ಪುಗಾರರೇ ಮಾತಾಡ್ತಿರೋದು."