ಮುಗಿತು ಒತ್ತದ ಗೋಪಿಬಾಯಿ

ಮುಂಡಗೋಡದ ನಮ್ಮ ಹಾಲಿನ ಸಂಘದ ಕಚೇರಿಯಲ್ಲಿ ಆ ಬೆಳಿಗ್ಗೆಯೂ ಸರ್ವರು ಕೈಕೊಟ್ಟಿತು. ಸರ್ವರೆಂದರೆ ಮೂಲೆಯಲ್ಲಿ ಗುಂಯ್ ಎನ್ನುವ ಒಂದು ಹಳೆಯ ಕಂಪ್ಯೂಟರು. ಊರೂರಿನ ಹಾಲಿನ ಕೇಂದ್ರಗಳಲ್ಲಿ ಸಿಮ್ ಹಾಕಿದ ತೂಕದ ಯಂತ್ರಗಳಿವೆ. ಯಾರು ಎಷ್ಟು ಹಾಲು ಹಾಕಿದರು, ಫ್ಯಾಟು ಎಷ್ಟು ಎಂಬುದನ್ನು ಅವು ಈ ಸರ್ವರಿಗೆ ಕಳಿಸುತ್ತವೆ. ಅದರ ಪ್ರೋಗ್ರಾಮು ಬರೆದವನು ನಾನು. ಒಂದು ಸಲಕ್ಕೆ ನಾಲ್ಕು ಯಂತ್ರಗಳ ಮಾತು ಕೇಳುವಂತೆ ಬರೆದಿದ್ದೆ. ಒಂದು ಮುಗಿಸಿ ಹೊರಗೆ ಹೋದರೆ ಇನ್ನೊಂದು ಒಳಗೆ. ಕೇಂದ್ರಗಳು ಕಡಿಮೆ ಇದ್ದಾಗ ಅಷ್ಟೇ ಸಾಕಾಗಿತ್ತು.

ಪರದೆಯ ನಾಲ್ಕೂ ಸಾಲಿನಲ್ಲಿ ಒಂದೇ ಕೇಂದ್ರ, ಅದನ್ನು ನಡೆಸುವವಳ ಒಂದೇ ಹೆಸರಿತ್ತು: ತಾಂಡಾ, ಗೋಪಿಬಾಯಿ.

ಸಂಘದ ಅಧ್ಯಕ್ಷರಾದ, ಪಾಳಾ ಊರಿನ ಬಸಲಿಂಗಯ್ಯನವರು ಕನ್ನಡಕ ಏರಿಸಿ ನೋಡಿದರು.

"ಲಗಮಪ್ಪಾ, ಈ ಗೋಪಿಬಾಯಿ ಒಬ್ಬಾಕಿ ಅದಾಳೋ, ನಾಲ್ಕ ಮಂದಿ ಅದಾರೋ?"

"ಒಬ್ಬಾಕೀನ ರೀ ಅಯ್ಯಾರ."

"ಮತ್ತ ನಾಲ್ಕೂ ಜಾಗಾ ಹಿಡಕೊಂಡು ಕುಂತಾಳಲ್ಲ. ನಮ್ಮ ಪಾಳಾದವರು ಹೊರಗ ನಿಂತಾರ."

ಹೊರಗೆ ಟ್ಯಾಂಕರಿನ ಶೇಖಪ್ಪ ಹಾರ್ನ್ ಒತ್ತುತ್ತಿದ್ದ. ಎಲ್ಲ ಕೇಂದ್ರಗಳ ಲೆಕ್ಕ ಬರದೆ ಟ್ಯಾಂಕರು ಹೊರಡುವಂತಿಲ್ಲ, ತಡವಾದರೆ ಹಾಲು ಕೆಡುತ್ತದೆ. ನಾನು ಸರ್ವರು ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ. ಒಂದು ವಾರದಿಂದ ದಿನಾ ಇದೇ ಕೆಲಸವಾಗಿತ್ತು.

"ನಾಳೆ ಮುಂಜಾನೆ ಮತ್ತ ಹಿಂಗ ಆತಂದ್ರ ತಾಂಡಾದ ಕೇಂದ್ರ ತಗದುಬಿಡೂಣು" ಎಂದರು ಅಯ್ಯನವರು. "ಹಾಲು ಪಾಳಾಕ್ಕ ಹೊತ್ತು ತರ್ಲಿ."

ತಾಂಡಾದಿಂದ ಪಾಳಾಕ್ಕೆ ಗದ್ದೆ ದಾಟಿ, ಹಳ್ಳ ದಾಟಿ ಬರಬೇಕು. ದಿನಾ ಎರಡು ಸಲ ಹೊತ್ತು ತರಲಾರದವರು ಎಮ್ಮೆ ಮಾರುತ್ತಾರೆ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದರೂ "ಆಗ್ಲಿರಿ" ಎಂದುಬಿಟ್ಟೆ. ಅಷ್ಟು ಸಿಟ್ಟು ಬಂದಿತ್ತು.

ಸಂಜೆ ಗೋಪಿಬಾಯಿಯನ್ನು ಬೈಯಲೆಂದೇ ಬೈಕು ಹತ್ತಿ ತಾಂಡಾಕ್ಕೆ ಹೋದೆ. ಅವಳ ಮನೆಯ ಕಟ್ಟೆಯ ಮೇಲೆಯೇ ಕೇಂದ್ರ. ಜನ ಹಾಲು ಹಾಕಿ ಹೋಗಿಯಾಗಿತ್ತು. ಯಂತ್ರಕ್ಕೆ ಎರಡು ಬಟನ್: ಶುರು, ಮುಗಿತು. ಮುಗಿತು ಒತ್ತಿದರೇ ಸರ್ವರಿನಲ್ಲಿ ಜಾಗ ಖಾಲಿಯಾಗುವುದು. ಅವಳು ಮುಗಿತು ಒತ್ತದೆ ಸುಮ್ಮನೆ ಕೂತಿದ್ದಳು.

"ಅಕ್ಕಾ, ಮಂದಿ ಹೋದ್ರಲ್ಲ. ಮುಗಿತು ಒತ್ತಬಾರದಾ?"

"ನೀಲಾ ಬಂದಿಲ್ಲ."

"ಬಂದ ಮ್ಯಾಲ ಮತ್ತ ಶುರು ಒತ್ತು."

"ಬರಾಕ್ಹತ್ತಿದಾಕಿಗೆ ಮುಗೀತು ಅನ್ನೂದೇನು? ಎಲ್ಲಾರೂ ಹಾಕೂ ತನಕ ಕ್ಯಾನಿಗೆ ಮುಚ್ಚಳಾ ಸೈತ ಹಾಕೂದಿಲ್ಲ ನಾವು. ನಿನ್ನ ಹಾಲು ಬ್ಯಾಡ ಅಂದಂಗ ಆಕ್ಕೈತಿ."

ಹೊರಸಿನ ಮೇಲೆ ಹಗ್ಗ ಹೊಸೆಯುತ್ತಿದ್ದ ಅವಳ ಗಂಡ ಹೇಮಪ್ಪ ತಲೆ ಎತ್ತಿದ. "ಒಮ್ಮೆ ಮರತು ಮುಚ್ಚಿದ್ಳರಿ. ಹಾಲು ತಿರುಗಿ ಒಯ್ದ ನೀಲಾ ಹೋಳಿ ಹುಣ್ಣಿವಿ ತನಕ ನಮ್ಮ ಮನಿ ಕಡೆ ಮಾರಿ ಮಾಡ್ಲಿಲ್ಲ."

"ಇದು ಮುಚ್ಚಳಾ ಅಲ್ಲೋ ಮಾರಾಯಾ, ಬಟನ್."

"ನಿನಗ ಬಟನ್," ಎಂದಳು ಗೋಪಿಬಾಯಿ. "ಚಾ ಕುಡೀತಿಯೋ, ಬರೇ ಬೈತಿಯೋ?"

ಚಹಾ ಕುಡಿಯುತ್ತ ಯಂತ್ರವನ್ನೇ ನೋಡಿದೆ. ಅದರ ಹಸಿರು ದೀಪ ಆರಿತು. ತಾಂಡಾದಲ್ಲಿ ನೆಟ್‌ವರ್ಕು ಹೀಗೆಯೇ, ಗಾಳಿ ಬಂದಂತೆ ಬಂದು ಹೋಗುತ್ತದೆ. ಸ್ವಲ್ಪ ಹೊತ್ತಿಗೆ ದೀಪ ಹತ್ತಿತು, ಯಂತ್ರ ತಾನಾಗಿಯೇ ಸರ್ವರಿಗೆ ಮತ್ತೆ ಕೂಡಿಕೊಂಡಿತು. ಮೊಬೈಲಿನಲ್ಲಿ ಸರ್ವರಿನ ಪರದೆ ತೆರೆದೆ. ಗೋಪಿಬಾಯಿ ಇಬ್ಬರಾಗಿದ್ದರು. ದೀಪ ಇನ್ನೊಮ್ಮೆ ಆರಿ ಹತ್ತಿತು. ಮೂವರಾದರು.

ಹಳೆಯ ಸಂಪರ್ಕ ಸತ್ತದ್ದು ಸರ್ವರಿಗೆ ಯಾರೂ ಹೇಳಿಲ್ಲ. ಅದು ಇನ್ನೂ ಕಿವಿಗೊಟ್ಟು ಕೂತಿದೆ. ಗೋಪಿಬಾಯಿ ಬರುವವಳಿಗೆ ಕಾಯುತ್ತಿದ್ದಳು, ನಾನು ಬರೆದ ದಡ್ಡ ಪ್ರೋಗ್ರಾಮು ಹೋದವಳಿಗೂ ಕಾಯುತ್ತಿತ್ತು. ಬೈಯಲು ಬಂದವನಿಗೆ ಬೈಯುವುದಕ್ಕೆ ಯಾರೂ ಸಿಗಲಿಲ್ಲ.

ಶುಂಠಿ ಹೊಲದ ಕೂಲಿ ಮುಗಿಸಿ, ಎಮ್ಮೆ ಹಿಂಡಿಕೊಂಡು ನೀಲಾ ಬಂದಳು.

"ಲಗಮಣ್ಣಾ, ಇಲ್ಲ್ಯಾಕ ಕುಂತೀರಿ?"

"ನಿನ್ನ ದಾರಿ ಕಾಕೋತ. ಇಡೀ ತಾಲೂಕ ಕಾಯಾಕ್ಹತ್ತೈತಿ, ಹಾಕವ್ವಾ ಲಗೂನ."

ಮನೆಗೆ ಬಂದವನೇ ಪ್ರೋಗ್ರಾಮಿಗೆ ಒಂದು ಗಡುವು ಹಾಕಿದೆ. ಯಾವುದೇ ಯಂತ್ರ ಹತ್ತು ಸೆಕೆಂಡು ಸುಮ್ಮನಿದ್ದರೆ ಸಂಪರ್ಕ ಕಡಿ, ಜಾಗ ಇನ್ನೊಬ್ಬರಿಗೆ ಕೊಡು. ಯಂತ್ರಕ್ಕೆ ಹೇಳುವುದೇನಾದರೂ ಉಳಿದಿದ್ದರೆ ತಾನೇ ಮತ್ತೆ ಬರುತ್ತದೆ.

ಬೆಳಿಗ್ಗೆ ಪರದೆಯ ಮೇಲೆ ಹೆಸರುಗಳು ಬಂದವು, ಹೋದವು. ಅಯ್ಯನವರು ಪಕ್ಕದಲ್ಲಿ ಕೂತು ಅಡಿಕೆ ಜಗಿಯುತ್ತಿದ್ದರು. ಆಗ ಪಾಳಾದಿಂದ ಅವರ ಹೆಂಡತಿ ಕಾಶೆವ್ವನವರ ಫೋನು ಬಂತು. ದನಿ ನನಗೂ ಕೇಳುತ್ತಿತ್ತು.

"ನಮ್ಮ ಎಮ್ಮಿ ಹಾಲಿಗೆ ಫ್ಯಾಟು ಸೊನ್ನಿ ಅಂತ ಚೀಟಿ ಬಂದೈತಿ. ಊರ ಮಂದಿ ಮುಂದ ನಾ ಬರೇ ನೀರು ಹಾಕಿದಂಗಾತು. ಎಲ್ಲ್ಯದಾನ ಆ ಲಗಮಪ್ಪ?"

ಅಯ್ಯನವರು ಫೋನು ಕಿವಿಯಿಂದ ದೂರ ಹಿಡಿದರು. "ತಾಂಡಾದಾಕಿನ್ನ ಬಿಟ್ಟು ನಮ್ಮಾಕಿನ್ನ ಹೊರಗ ಹಾಕಿದೇನಲೇ?"

ತಪ್ಪು ಗೊತ್ತಾಯಿತು. ತೂಕ ಮೊದಲು ಬರುತ್ತದೆ. ಫ್ಯಾಟು ನೋಡಲು ಯಂತ್ರಕ್ಕೆ ಸ್ವಲ್ಪ ಹೊತ್ತು ಬೇಕು, ಅಲ್ಲಿಯವರೆಗೆ ಅದು ಮಾತಾಡುವುದಿಲ್ಲ. ಅಷ್ಟರಲ್ಲಿ ನನ್ನ ಸರ್ವರು ಕಡಿದು, ಬಂದಷ್ಟನ್ನೇ ಪೂರ್ತಿ ಎಂದು ಬರೆದುಕೊಳ್ಳುತ್ತಿತ್ತು. ಅವಸರದಲ್ಲಿ ಹಾಕಿದ ಗಡುವು ಅದು.

ಹೊರಗೆ ಶೇಖಪ್ಪ ಹಾರ್ನ್ ಶುರು ಮಾಡಿದ.

"ಎರಡು ಸಾಲು ಬರಿಯಾಕ ಬಿಡ್ರಿ ಅಯ್ಯಾರ. ಆಮ್ಯಾಲ ಎಷ್ಟರ ಬೈರಿ."

ಅವರು ಬಿಟ್ಟರು. ಗಡುವನ್ನು ಎರಡು ನಿಮಿಷಕ್ಕೆ ಏರಿಸಿದೆ. ಯಂತ್ರ ಒಂದು ಮಾತಾಡಿದರೂ ಎಣಿಕೆ ಮೊದಲಿನಿಂದ ಶುರುವಾಗಬೇಕು. ತೂಕ, ಫ್ಯಾಟು ಎರಡೂ ಬರದಿದ್ದರೆ ಆ ಅರ್ಧವನ್ನು ಇಟ್ಟುಕೊಳ್ಳಬಾರದು, ಮತ್ತೆ ಕೇಳಿ ಪಡೆಯಬೇಕು. ಇಷ್ಟು ಬರೆದು ಸರ್ವರು ಚಾಲೂ ಮಾಡಿದೆ. ಪಾಳಾದವರಿಗೆ ಮತ್ತೆ ಕಳಿಸಲು ಹೇಳಿದೆ. ಕಾಶೆವ್ವನವರ ಹಾಲು ಫ್ಯಾಟಿನ ಸಮೇತ ಬಂತು.

"ಮನಿಗೆ ಫೋನ್ ಮಾಡಿ ಹೇಳ್ರಿ ಅಯ್ಯಾರ."

"ನೀನ ಹೇಳಪಾ. ನನಗ ಧೈರ್ಯ ಇಲ್ಲ."

ಅಷ್ಟರಲ್ಲಿ ತಾಂಡಾ ಬಂತು. ಹಾಲು ಬರುವಷ್ಟು ಹೊತ್ತು ಮಾತಾಡಿತು, ಆಮೇಲೆ ಸುಮ್ಮನಾಯಿತು. ಗಡುವು ಮುಗಿದು ಹೆಸರು ಅಳಿಸಿಹೋಯಿತು. ಆ ಜಾಗಕ್ಕೆ ಬೇರೆ ಊರು ಬಂದು ತನ್ನ ಲೆಕ್ಕ ಕೊಟ್ಟು ಹೋಯಿತು. ಬಹಳ ಹೊತ್ತಿನ ಮೇಲೆ ತಾಂಡಾ ಮತ್ತೆ ಕಾಣಿಸಿತು. ಬಂದದ್ದು ನೀಲಾಳ ಹಾಲು.

ಅಯ್ಯನವರು ಪರದೆಗೆ ಬಗ್ಗಿದರು. "ಈಗ ಒಬ್ಬಾಕೀನ ಅದಾಳ. ಮುಗಿತು ಒತ್ತಾಕ ಕಲಿಸಿ ಬಂದೇನು?"

"ಇಲ್ಲರಿ. ಆಕಿ ಒತ್ತೂದಿಲ್ಲ. ಸುಮ್ಮ ಕುಂತಾಗ ನಾನ ಕಳಿಸಿದೆ, ಹಾಲು ಬಂದ ಕೂಡಲೆ ತಿರುಗಿ ಬಂದ್ಳು. ಹೋಗಿದ್ದು ಆಕಿಗೆ ಗೊತ್ತೂ ಇಲ್ಲ."

ಅವರು ಶೇಖಪ್ಪನಿಗೆ ಹೊರಡು ಎಂದು ಕೈ ಮಾಡಿದರು. ಟ್ಯಾಂಕರು ಗೇಟು ದಾಟಿದ ಮೇಲೆ, "ತಾಂಡಾದ ಕೇಂದ್ರ ಇರ್ಲಿ ಬಿಡು" ಎಂದರು.

ಗೋಪಿಬಾಯಿಗೆ ಫೋನು ಮಾಡಿ, ಕೇಂದ್ರ ತೆಗೆಯುವುದಿಲ್ಲವಂತೆ ಎಂದೆ.

"ತಗೀತಿದ್ರೇನು?" ಎಂದಳು. "ಮತ್ತ ನಿನ್ನೆ ಹೇಳ್ಲೇ ಇಲ್ಲಲ್ಲ ನೀನು. ಚಾ ಕುಡದು ಹೋದಿ."

"ಮರತಿದ್ದೆ."

"ಬರೂ ತಿಂಗಳ ಇನ್ನಿಬ್ರು ಎಮ್ಮಿ ತರ್ತಾರಂತ. ಒಂದು ದೊಡ್ಡ ಕ್ಯಾನು ಬೇಕು."

ಗೋದಾಮಿನಲ್ಲಿ ದೊಡ್ಡ ಕ್ಯಾನೊಂದು ಇತ್ತು. ತೊಳೆದು ಬೈಕಿನ ಹಿಂದೆ ಕಟ್ಟಿದೆ.